ಮಾಮನ ಡ್ರೋನಿಗೆ ಮೊಪೆಡ್ಡಿನ ನಂಬರು

ಮಾಮನ ಬೆರಳತುದಿಗಳು ಯಾವಾಗಲೂ ಸೀಳಿಕೊಂಡಿರುತ್ತಿದ್ದವು. ಶ್ರೀನಿವಾಸಪುರದ ಅಂಗಡಿಯಲ್ಲಿ ಬೋರ್‌ವೆಲ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ಸುತ್ತಿ ಆದ ಗಾಯಗಳು. ಉಗುರಿನ ಸಂದಿಯಲ್ಲಿ ವಾರ್ನಿಷ್ಷಿನ ಕಪ್ಪು. ಆ ಕೈಯಲ್ಲೇ ಊಟಕ್ಕೆ ಕೂತಾಗ ನಮ್ಮಮ್ಮ ಬೈದರೆ, "ಈ ಕೈ ಬೆಳ್ಳಗಾದ್ರೆ ನಿಮ್ ಬೋರಲ್ಲಿ ನೀರೇ ಬರಲ್ಲ ಕಣಕ್ಕಾ" ಎನ್ನುತ್ತಿದ್ದ. ಅಮ್ಮನಿಗೆ ಇದ್ದ ಒಬ್ಬನೇ ತಮ್ಮ. ಮಹಾ ಸಿಡುಕ. ಸುಟ್ಟ ಮೋಟಾರು ಹೊತ್ತು ತಂದವರಿಗೆ ಮೊದಲು ಬೈಗುಳ, ಆಮೇಲೆ ಟೀ.

ನಮ್ಮ ಮಾವಿನ ತೋಪು ರಾಯಲ್ಪಾಡಿನ ಹತ್ತಿರ. ಹೂವಿನ ಕಾಲಕ್ಕೆ ಅಪ್ಪ ಉದ್ದ ಕೋಲಿನ ಗನ್ ಹಿಡಿದು ಮರಗಳಿಗೆ ಔಷಧಿ ಹೊಡೆಯುತ್ತಿದ್ದ. ಮೇಲಕ್ಕೆ ಹೋದದ್ದರಲ್ಲಿ ಅರ್ಧ ಅವನ ಮುಖಕ್ಕೇ ಬೀಳುತ್ತಿತ್ತು. ಉಬ್ಬಸ ಹಿಡಿಯಿತು. ಇನ್ನು ಔಷಧಿಯ ಹತ್ತಿರ ಹೋದರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ಹೇಳಿದ ಮೇಲೆ ಮಾಮ ಬಿಡಿಭಾಗ ತರಿಸಿ ಅಂಗಡಿಯಲ್ಲೇ ಔಷಧಿ ಹೊಡೆಯುವ ಡ್ರೋನ್ ಕಟ್ಟಲು ಕೂತ. ಬದುವಿಗೆ ಬಿದ್ದು ಮುರಿಯಿತು, ಮತ್ತೆ ಕಟ್ಟಿದ. ಹಾರಿದ ದಿನ ಅಪ್ಪನಿಗೆ, "ಬಾವಾ, ನೀನ್ ನೆರಳಲ್ಲಿ ಕೂತ್ಕೋ. ಇನ್ಮೇಲೆ ನಿಂಗಿಲ್ಲಿ ಕೆಲ್ಸ ಇಲ್ಲ" ಎಂದ. ಆ ವರ್ಷ ಅಪ್ಪ ಕೆಮ್ಮದೆ ನಿದ್ದೆ ಮಾಡಿದ.

ಅಷ್ಟರಲ್ಲಿ ಹೊಸ ನಿಯಮ ಬಂತು. ಡ್ರೋನಿಗೆ ನಂಬರು ಬೇಕು, ಹಾರಿಸುವವರಿಗೆ ಲೈಸೆನ್ಸು ಬೇಕು ಎಂದು ಟಿ.ವಿ.ಯಲ್ಲಿ ಕೇಳಿದ ಮಾಮ, ಆಯುಧಪೂಜೆಯ ದಿನ ಡ್ರೋನಿಗೆ ಕುಂಕುಮವಿಟ್ಟು ತನ್ನ ಮೊಪೆಡ್ಡಿನ ನಂಬರನ್ನೇ ಅದರ ಮೇಲೆ ದಪ್ಪಗೆ ಪೇಂಟಿನಲ್ಲಿ ಬರೆದ. ಮೊಪೆಡ್ಡಿನ ಲೈಸೆನ್ಸು ಜೇಬಿನಲ್ಲಿತ್ತು. ಇಷ್ಟಾದರೆ ಆಯಿತೆಂದು ನಿಜವಾಗಿಯೂ ನಂಬಿದ್ದ. ಪಕ್ಕದ ತೋಪಿನವನು ದೂರು ಕೊಟ್ಟು ಪೊಲೀಸರು ಬಂದಾಗಲೂ, "ಎರಡೂ ಒಂದೇ ಮನೆ ಗಾಡಿ ಸಾರ್, ಓನರ್ ನಾನೇ" ಎಂದ. ಅವರು ನಕ್ಕರು. ನಕ್ಕು, ಸುಳ್ಳು ನಂಬರು ಹಾಕಿದ್ದಾನೆಂದು ಕೇಸು ಬರೆದು ಡ್ರೋನ್ ಎತ್ತಿಕೊಂಡು ಹೋದರು. ನಂಬರೇ ಬರೆಯದಿದ್ದರೆ ದಂಡದಲ್ಲಿ ಮುಗಿಯುತ್ತಿತ್ತಂತೆ, ವಕೀಲರು ಆಮೇಲೆ ಹೇಳಿದರು. ಕಾನೂನಿಗೆ ಬಗ್ಗಲು ಹೋದವನನ್ನೇ ಕಾನೂನು ಮೋಸಗಾರ ಎಂದು ಕರೆಯಿತು.

ನಿಜವಾದ ನಂಬರಿಗಾಗಿ ಮಾಮ ಕಚೇರಿ ಕಚೇರಿ ಅಲೆದ. ಒಪ್ಪಿಗೆ ಪಡೆದ ಮಾದರಿಗೆ ಮಾತ್ರ ನಂಬರು, ಅಂಗಡಿಯಲ್ಲಿ ಕಟ್ಟಿದ್ದಕ್ಕಿಲ್ಲ ಎಂದರು. ಲೈಸೆನ್ಸಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಅವನು ಏಳನೇ ಕ್ಲಾಸಿಗೇ ಬಿಟ್ಟವನು. "ಕಟ್ಟೋಕ್ ಬಂದ್ರೆ ಸಾಲ್ದಂತೆ ಕಣೇ, ಕಂಪ್ನಿಯಾಗಿ ಹುಟ್ಬೇಕಂತೆ" ಎಂದು ನನ್ನ ಮೇಲೆ ರೇಗಿದ. ಆಮೇಲೆ ಮೆತ್ತಗೆ, "ನೀನು ಓದಿದೀಯಲ್ಲ, ಹೋಗಿ ಕಲ್ತ್ಕೊಂಡ್ ಬಾ" ಎಂದ. ಇಂದು ನಾನು ಲೈಸೆನ್ಸು ಪಡೆದ ಡ್ರೋನ್ ಪೈಲಟ್ ಆಗಿದ್ದರೆ ಆ ಮಾತಿನಿಂದಲೇ. ನಾನು ಲೈಸೆನ್ಸು ಹಿಡಿದು ಬರುವಷ್ಟರಲ್ಲಿ ಅಪ್ಪ ಮತ್ತೆ ಗನ್ ಹಿಡಿದಿದ್ದ. ಮುಂದಿನ ಹೂವಿಗೆ ಅಪ್ಪ ಉಳಿಯಲಿಲ್ಲ.

ಬಾವನ ಚಿತೆಯ ಮುಂದೆ ನಿಂತ ಮೇಲೆ ಮಾಮ ಯಾರನ್ನೂ ಬೈಯಲಿಲ್ಲ. ಅದನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ. ಕೆಲವು ತಿಂಗಳ ನಂತರ ಕೋರ್ಟಿಗೆಂದು ಹೊರಟವನು ಬಸ್‌ಸ್ಟ್ಯಾಂಡಿನಲ್ಲೇ ಕುಸಿದ, ಮತ್ತೆ ಏಳಲಿಲ್ಲ.

ಆರೋಪಿಯೇ ಇಲ್ಲದ್ದರಿಂದ ಕೇಸು ಮುಗಿದಿದೆ, ಬಂದು ಡ್ರೋನ್ ತೆಗೆದುಕೊಂಡು ಹೋಗಿ ಎಂದು ಈಚೆಗೆ ಠಾಣೆಯಿಂದ ಫೋನ್ ಬಂತು. ಹಾರಿಸಬಹುದಾ ಎಂದು ಕೇಳಿದೆ. "ಅದೆಂಗಾಗುತ್ತಮ್ಮ? ನೆನಪಿಗೆ ಮನೇಲಿಟ್ಕೊಳ್ಳಿ" ಎಂದರು.

ಮಾಮನ ಕಡೆಯಿಂದ ಹೋದ ಕಾಗದಗಳಲ್ಲಿ ಅವರು ತಕರಾರಿಲ್ಲದೆ ಒಪ್ಪಿಕೊಂಡದ್ದು ಅವನ ಮರಣ ಪ್ರಮಾಣಪತ್ರ ಒಂದನ್ನೇ.