ಸೆರಗಿನ ಮೇಲಿನ ಇದ್ದಿಲ ಕೈ

ನಮ್ಮ ಮಾರ್ತಕ್ಕನ ಮದುವೆಯ ಬಿಳಿ ಸೀರೆಯ ಸೆರಗಿನಲ್ಲಿ ಒಂದು ಕಪ್ಪು ಕೈ ಇದೆ. ನಾಲ್ಕು ಬೆರಳು ಸ್ಪಷ್ಟ, ಹೆಬ್ಬೆರಳು ಮಾತ್ರ ಮಸಕು. ಸೋಪು, ಸೀಗೆ, ಅಂಟುವಾಳ ಯಾವುದಕ್ಕೂ ಅದು ಜಗ್ಗಲಿಲ್ಲ. ವರ್ಷಕ್ಕೊಮ್ಮೆ ಅಕ್ಕ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಹಿತ್ತಿಲ ಹಗ್ಗದ ಮೇಲೆ ಬಿಸಿಲಿಗೆ ಹಾಕಿದಾಗ ಗಾಳಿಗೆ ಸೆರಗು ಆಡುತ್ತದೆ, ಕೈಯೂ ಆಡುತ್ತದೆ. ಅದು ‘ಬಾ’ ಎನ್ನುತ್ತಿದೆಯೋ ‘ಹೋಗು’ ಎನ್ನುತ್ತಿದೆಯೋ ಎಂದು ನಾನು ಬಹಳ ಸಲ ನೋಡುತ್ತ ನಿಂತಿದ್ದೇನೆ.

ಆ ಮದುವೆಯ ದಿನ ನಾನು ದಿನಚರಿಯಲ್ಲಿ ಬರೆದದ್ದು ಇಷ್ಟೇ: ‘ಅಕ್ಕನ ಮದುವೆ. ಸೆಕೆ. ವಡೆ ಚೆನ್ನಾಗಿತ್ತು.’ ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿ ಬಂದವನಿಗೆ ಅಂದು ತೋಚಿದ ದರ್ಶನ ಅಷ್ಟು. ಆದ್ದರಿಂದ ಉಳಿದದ್ದನ್ನೆಲ್ಲ ನೆನಪಿನಿಂದ ಹೇಳಬೇಕಾಗಿದೆ. ನನ್ನ ನೆನಪಿಗೆ ನಾನೇ ಜಾಮೀನು ನಿಲ್ಲುವವನಲ್ಲ ಎಂಬುದನ್ನು, ಗೆಳೆಯ, ಮೊದಲೇ ತಿಳಿಸಿಬಿಡುತ್ತೇನೆ.

ಯುದ್ಧದ ಕಾಲ. ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಿತ್ತು. ಹೀಗಾಗಿ ನಮ್ಮ ಸೀಮೆಯಲ್ಲಿ ಹೊಸ ಟೈಮು, ಹಳೇ ಟೈಮು ಎಂದು ಎರಡು ಪಂಗಡಗಳಾದವು. ರೈಲು, ಕಚೇರಿ, ಮಂಡ್ಯದ ಕಾರ್ಖಾನೆಯ ಕೂಗು ಇವೆಲ್ಲ ಹೊಸತು. ದನ, ಕೋಳಿ, ಮದ್ದೂರಿನ ನಮ್ಮ ಕ್ರೈಸ್ತ ಸಭೆಯ ಪುಟ್ಟ ಹೆಂಚಿನ ದೇವಾಲಯ ಹಳತು. ದೇವಾಲಯದ ಗೋಡೆ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದವರು ಸಭೆಯ ಹಿರಿಯರಾದ ದೇವಸಹಾಯಪ್ಪ. ಮುಳ್ಳು ಮುಟ್ಟಲು ಅವರು ಸುತರಾಂ ಒಪ್ಪಲಿಲ್ಲ. ಜಗಳ ಆಡುತ್ತಿರುವವರು ದೊರೆಗಳು, ದೇವರ ಮನೆಯ ಗಡಿಯಾರ ಯಾಕೆ ಓಡಬೇಕು ಎಂಬುದು ಅವರ ವಾದ.

ಅಕ್ಕನ ಮದುವೆ ಸಂಜೆ ನಾಲ್ಕಕ್ಕೆ ಎಂದು ನಿಶ್ಚಯವಾಗಿತ್ತು. ಯಾವ ನಾಲ್ಕು ಎಂದು ಯಾರೂ ಕೇಳಿರಲಿಲ್ಲ. ವರ ಯೋಹಾನ ಸಿಪಾಯಿ. ರಜೆ ಅಂದಿಗೆ ತೀರುತ್ತಿತ್ತು. ರಾತ್ರಿಯ ರೈಲಿಗೆ ಹತ್ತಿದರೆ ಬರ್ಮಾ ಕಡೆಗೆ ಎಂದಷ್ಟೇ ಗೊತ್ತು, ಹಿಂದಿರುಗುವ ಮಾತು ಯಾರಿಗೂ ಗೊತ್ತಿಲ್ಲ. ಅದರ ಮೇಲೆ ಸಭೆಯ ಕಟ್ಟಳೆ ಬೇರೆ: ಸಂಜೆ ಏಳಾದ ಮೇಲೆ ಮದುವೆ ಮಾಡಿಸುವಂತಿಲ್ಲ. ಅಂದು ಆಗದಿದ್ದರೆ ಇಲ್ಲ.

ಮಂಡ್ಯದಿಂದ ಗಂಡಿನವರು ಹೊಸ ನಾಲ್ಕಕ್ಕೆ ಬಂದಿಳಿದಾಗ ದೇವಾಲಯದಲ್ಲಿ ಅವರನ್ನು ಎದುರುಗೊಂಡದ್ದು ಪೀಠದ ಹೂವನ್ನು ಮೇಯುತ್ತಿದ್ದ ಒಂದು ಮೇಕೆ. ಹಳೇ ನಾಲ್ಕಕ್ಕೆ ನಾವು ಹೋಗುವಷ್ಟರಲ್ಲಿ ವರನ ಸೋದರಮಾವ ಲಾಜರಪ್ಪ ಕೆಂಡವಾಗಿದ್ದರು. ಅವರು ಕಾರ್ಖಾನೆಯ ಕೂಗಿಗೆ ಎದ್ದು ಕೂಗಿಗೆ ಉಣ್ಣುವ ಮನುಷ್ಯ. ದೇವಸಹಾಯಪ್ಪನವರು ಗೋಡೆಯ ಕಡೆ ಶಾಂತವಾಗಿ ಬೆರಳು ತೋರಿಸಿದರು.

“ನಿಮ್ ಗಡಿಯಾರ ನಂಬ್ಕೊಂಡ್ರೆ ಪುನರುತ್ಥಾನಕ್ಕೂ ಒಂದ್ ಗಂಟೆ ತಡವಾಗಿ ಏಳ್ಬೇಕಾಯ್ತದೆ ಕಣಯ್ಯ,” ಎಂದರು ಲಾಜರಪ್ಪ.

ಆದರೆ ಇಬ್ಬರೂ ಸೇರಿ ಜಗಳವಾಡಿದ್ದು ವ್ಯರ್ಥ, ಏಕೆಂದರೆ ಪಾದ್ರಿಗಳೇ ಬಂದಿರಲಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಮೂರಕ್ಕೂ ಒಬ್ಬರೇ ಪಾದ್ರಿಗಳು. ಬೆಳಿಗ್ಗೆ ಮಳವಳ್ಳಿಯಲ್ಲಿ ಒಬ್ಬರನ್ನು ಮಣ್ಣು ಮಾಡಿ ಇದ್ದಿಲು ಬಸ್ಸಿನಲ್ಲಿ ಬರುವವರಿದ್ದರು. ಪೆಟ್ರೋಲು ಸಿಗದ ಆ ದಿನಗಳಲ್ಲಿ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲ ಹೊಗೆಯಿಂದ ಓಡುತ್ತಿದ್ದುದು ನಿನಗೆ ನೆನಪಿರಬಹುದು. ಓಡುತ್ತಿದ್ದವು ಎಂದೆನೆ? ಇಳಿಜಾರಿನಲ್ಲಿ ಓಡುತ್ತಿದ್ದವು. ಏರಿನಲ್ಲಿ ನಾವು ಅವನ್ನು ಓಡಿಸುತ್ತಿದ್ದೆವು.

ಕಾದೆವು. ಮಕ್ಕಳು ಅತ್ತವು ಎಂದು ಒಂದೊಂದು ವಡೆ ಕೊಟ್ಟರು. ದೊಡ್ಡವರು ಅಳದಿರಲಿ ಎಂದು ಅವರಿಗೂ ಕೊಟ್ಟರು. ಆಮೇಲೆ ಅನ್ನ ಆರುತ್ತದೆ ಎಂದು ಯಾರೋ ಎಲೆ ಹಾಕಿಸಿದರು. ಹೀಗೆ ಮದುವೆಗೆ ಮೊದಲೇ ಮದುವೆ ಊಟ ಮುಗಿಯಿತು. ಕೆಲವರು ವರನ ಕೈಕುಲುಕಿ, ಶುಭ ಹಾರೈಸಿ ಮನೆಗೂ ಹೋದರು. ಅಮ್ಮ ಮಾತ್ರ ಮೊದಲಿನಿಂದಲೂ ಒಂದೇ ಮಾತು: “ಆತನ ಸಮಯಕ್ಕೆ ಆಯ್ತದೆ, ಸುಮ್ಕಿರು ಮಗ.” ದೇವರದು ಹಳೇ ಸಮಯವೋ ಹೊಸದೋ ಎಂದು ಕೇಳುವ ಆಸೆ ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು. ಬಿಳಿ ಸೀರೆಯುಟ್ಟು ಮೊದಲ ಬೆಂಚಿನಲ್ಲಿ ಕುಳಿತಿದ್ದ ಅಕ್ಕನ ಮುಖ ನೋಡಿ ನುಂಗಿಕೊಂಡು, ಸೈಕಲ್ಲು ಹತ್ತಿ ಮಳವಳ್ಳಿ ದಾರಿ ಹಿಡಿದೆ.

ತುಳಿಯುತ್ತ ಪ್ರಾರ್ಥಿಸಿದೆ. ಪ್ರಾರ್ಥನೆಯೆಂದರೆ, ದೇವರಿಗೆ ಅವನ ಕೆಲಸವನ್ನು ಜ್ಞಾಪಿಸುವುದು ಎಂದು ಆಗ ತಿಳಿದಿದ್ದೆ. ಬಸ್ಸು ಒಂದು ಏರಿನ ನಡುವೆ ಹೊಗೆಯುಗುಳುತ್ತ ನಿಂತಿತ್ತು. ಗಂಡಸರೆಲ್ಲ ತಳ್ಳುತ್ತಿದ್ದರು. ಹಿಂದೆ, ಒಲೆಗೆ ಗಾಳಿ ಹಾಕುವ ಹಿಡಿಯನ್ನು ಒಬ್ಬ ಕರಿಯ ಮನುಷ್ಯ ಬೆವರು ಸುರಿಸುತ್ತ ತಿರುಗಿಸುತ್ತಿದ್ದ. ಹತ್ತಿರ ಹೋದಾಗ ಅವನು ಪಾದ್ರಿಗಳಾದ.

ಅವರನ್ನು ಬಲವಂತವಾಗಿ ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನ ಚಕ್ರ ಪಂಕ್ಚರಾಯಿತು. ಇಬ್ಬರೂ ಸೈಕಲ್ಲು ತಳ್ಳುತ್ತ ನಡೆದೆವು. ಆಗ ಬಸ್ಸಿಗೆ ಇದ್ದಕ್ಕಿದ್ದಂತೆ ಉಸಿರು ಬಂದು, ಪ್ರಯಾಣಿಕರೆಲ್ಲ ನಮಗೆ ಕೈ ಬೀಸುತ್ತಿರಲು ಹಾದುಹೋಗಿ, ಮುಂದಿನ ಏರಿನಲ್ಲಿ ನಿಂತಿತು. ನಾವು ಅದನ್ನು ನಡೆದೇ ಹಿಂದಿಕ್ಕಿದೆವು. ಅದು ಮತ್ತೆ ನಮ್ಮನ್ನು ಹಿಂದಿಕ್ಕಿತು. ಕೊನೆಗೆ ಸೋತು ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿದೆವು. ನಾನು ಒಳಗೆ ಕುಳಿತೆ; ಪಾದ್ರಿಗಳಂತೂ ಕೂರಲೂ ಇಲ್ಲ, ಸದ್ದಿಲ್ಲದೆ ತಮ್ಮ ಹಿಡಿಗೇ ಹಿಂದಿರುಗಿದರು.

ದೇವಾಲಯದ ಬಾಗಿಲಿಗೆ ಬಂದಾಗ ಯೋಹಾನನ ಕೈಗಡಿಯಾರದಲ್ಲಿ ಏಳು ದಾಟಿತ್ತು. ಗೋಡೆಯ ಮೇಲೆ ಆರು ದಾಟಿತ್ತು. ಆಗ ಆದ ಚಮತ್ಕಾರವನ್ನು ನಾನು ಕಟ್ಟಿ ಹೇಳುತ್ತಿಲ್ಲ. ಜನ್ಮದಲ್ಲಿ ಹೊಸ ಟೈಮು ಒಪ್ಪದಿದ್ದ ದೇವಸಹಾಯಪ್ಪನವರ ಮನಸ್ಸಾಕ್ಷಿ ಎಚ್ಚೆತ್ತುಕೊಂಡಿತು: ಕಟ್ಟಳೆಯೆಂದರೆ ಕಾನೂನು, ಕಾನೂನೆಂದರೆ ಸರ್ಕಾರ, ಆದ್ದರಿಂದ ಸರ್ಕಾರದ ಟೈಮೇ ಸರಿ, ಏಳಾಗಿಹೋಯಿತು ಎಂದುಬಿಟ್ಟರು. ಲಾಜರಪ್ಪ ಅವರ ತೋಳು ಹಿಡಿದು ಅಂಗಳಕ್ಕೆ ಎಳೆದೊಯ್ದರು.

“ಸೂರ್ಯ ಇನ್ನೂ ಅಲ್ಲೇ ಅವ್ನೆ, ನೋಡಯ್ಯ. ಅವ್ನಿಗಿಂತ ದೊಡ್ಡ ಸರ್ಕಾರನಾ ನಿಂದು?”

ಆ ಕೆಂಪು ಸೂರ್ಯ ಈಗಲೂ ನನ್ನ ಕಣ್ಣಲ್ಲಿದ್ದಾನೆ. ಅಂದು ಮೋಡ ಕವಿದಿತ್ತು ಎನ್ನುತ್ತಾಳೆ ಅಕ್ಕ. ಹಾಗಾದರೆ ಲಾಜರಪ್ಪ ತೋರಿಸಿದ್ದು ಏನನ್ನು?

ಪಾದ್ರಿಗಳು ಇಬ್ಬರ ವಾದವನ್ನೂ ಕೇಳಿ, ಮಸಿ ಮುಖವನ್ನು ಅಕ್ಕನ ಕಡೆ ತಿರುಗಿಸಿ, ನೀನೇನಮ್ಮ ಹೇಳುತ್ತೀ ಎಂದರು. ಅಲ್ಲಿಯವರೆಗೆ ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

“ನಾನು ಹಳೇ ಟೈಮಲ್ಲೂ ಕಾದಿವ್ನಿ, ಹೊಸ ಟೈಮಲ್ಲೂ ಕಾದಿವ್ನಿ, ಅಯ್ನೋರೆ,” ಎಂದಳು ಅಕ್ಕ. “ಯಾವ್ದ್ರಲ್ಲಾದ್ರೂ ಸರಿ, ಈಗ ಮಾಡ್ಬುಡಿ.”

ಮಾಡಿಬಿಟ್ಟರು. ಕೈ ತೊಳೆಯುವಷ್ಟೂ ಹೊತ್ತಿಲ್ಲದೆ ಆಶೀರ್ವದಿಸಿದರು. ಬಾಗಿದ ತಲೆಯಿಂದ ಕೈ ಜಾರಿ ಸೆರಗಿನ ಮೇಲೆ ಊರಿತು. ಅಕ್ಕ ಹಳೇ ಸಮಯದಲ್ಲಿ ಮದುವೆಯಾಗಿ ಹೊಸ ಸಮಯದ ರೈಲಿಗೆ ಗಂಡನನ್ನು ಹತ್ತಿಸಿ ಬಂದಳು.

ಆಮೇಲಿನದು ಉದ್ದದ ಕಾಯುವಿಕೆ. ಯುದ್ಧ ಮುಗಿಯಿತು, ಗಡಿಯಾರಗಳು ಹಿಂದಕ್ಕೆ ಬಂದವು, ಭಾವ ಬರಲಿಲ್ಲ. ಅಕ್ಕ ವಾರವಾರವೂ ಸ್ಟೇಷನ್ನಿಗೆ ಹೋದಳು. ಆತನ ಸಮಯ ಎಂಬ ಮಾತು ಅಮ್ಮನ ಬಾಯಲ್ಲೂ ತೆಳುವಾಗುತ್ತ ಬಂತು. ಒಂದು ದಿನ ಅಕ್ಕ ಸ್ಟೇಷನ್ನಿನ ಗೊಡವೆ ಬಿಟ್ಟು ಮಳವಳ್ಳಿ ಸಂತೆಗೆ ಬೀಜದ ಮೆಣಸಿನಕಾಯಿ ತರಲು ಹೋದಳು; ನಾವೂ ಮನೆಯಲ್ಲಿರಲಿಲ್ಲ. ಸಂಜೆ ಹಿಂದಿರುಗಿದರೆ ಬೀಗ ಹಾಕಿದ ಬಾಗಿಲ ಮುಂದೆ, ಜಗಲಿಯ ಮೇಲೆ, ಒಣಗಿ ಕಡ್ಡಿಯಾದ ಒಬ್ಬ ಮನುಷ್ಯ ಮುಖ ಗಂಟು ಹಾಕಿಕೊಂಡು ಕುಳಿತಿದ್ದ.

“ಎಲ್ಲೋಗಿದ್ಯೆ? ಆಗ್ಲಿಂದ ಕಾಯ್ತಾ ಕೂತಿವ್ನಿ,” ಎಂದರು ಭಾವ.

ಅಕ್ಕ ಮೆಣಸಿನಕಾಯಿ ಚೀಲವನ್ನು ಕೆಳಗೆ ಬಿಟ್ಟು ನಗತೊಡಗಿದಳು. ಆ ನಗು ಯಾವಾಗ ಅಳುವಾಯಿತೆಂದು ನಮಗೆ ತಿಳಿಯಲಿಲ್ಲ.

ಬಾರದೇ ಹೋದವರೂ ಇದ್ದಾರೆ, ಗೆಳೆಯ. ಅವರ ಮನೆಯವರ ಮುಂದೆ ಈ ಕತೆಯನ್ನು ನಾನು ಹೇಳುವುದಿಲ್ಲ, ಹೇಳಿದರೂ ಅದರಿಂದ ನೀತಿ ತೆಗೆಯುವುದಿಲ್ಲ. ನನ್ನ ಮಟ್ಟಿಗೆ ಒಂದು ಬದಲಾಗಿದೆ. ಮೊದಲು, ದೇವರು ನಾವು ಹೋಗಿ ಸೇರಬೇಕಾದ ಊರಿನಲ್ಲಿ ಗಡಿಯಾರ ಹಿಡಿದು ಕುಳಿತಿರುತ್ತಾನೆ, ಬೇಕೆಂದಾಗ ಬಾಗಿಲು ತೆಗೆಯುತ್ತಾನೆ ಎಂದುಕೊಂಡಿದ್ದೆ. ಈಗ ಅವನನ್ನು ನೆನೆದರೆ ಮಳವಳ್ಳಿ ದಾರಿಯ ಏರು ಕಾಣುತ್ತದೆ. ನಮ್ಮ ಕಡೆಗೇ ಬರುತ್ತಿರುವ ಒಂದು ಬಸ್ಸು, ಅದರ ಹಿಂದೆ ಹೊಗೆಯಲ್ಲಿ ಕರಿಮುಖ ಮಾಡಿಕೊಂಡು ಹಿಡಿ ತಿರುಗಿಸುತ್ತಿರುವ ಒಬ್ಬ.

ಇವತ್ತು ಸೀರೆ ಮತ್ತೆ ಹಗ್ಗದ ಮೇಲಿದೆ. ಭಾವ ನೆರಳಲ್ಲಿ ಕುಳಿತು, ಕಾಫಿ ಇನ್ನೂ ಆಗಲಿಲ್ಲವೇ ಎಂದು ಒಳಗೆ ಕೂಗುತ್ತಿದ್ದಾರೆ. ಗಾಳಿ ಬೀಸಿತು, ಸೆರಗು ಎದ್ದಿತು. ಆ ಕಪ್ಪು ಕೈ ಹೇಳುತ್ತಿದ್ದುದು ‘ಬಾ’ ಎಂದೂ ಅಲ್ಲ, ‘ಹೋಗು’ ಎಂದೂ ಅಲ್ಲ. ಒಳಗಿನಿಂದ ಅಕ್ಕ ಕೂಗಿ ಹೇಳಿದ್ದೂ ಅದನ್ನೇ:

“ಇರಿ, ಬಂದೆ.”