ಮಾಲ್ಸುನಮ್ಮ ಎಂಜಲು ಬಡಿಸುವುದಿಲ್ಲ

ಮಾಲ್ಸುನಮ್ಮನ ಬಗ್ಗೆ ಬರೆಯಲೇಬೇಕು. ನಮ್ಮವರೇ ಅವರ ಅನ್ನಕ್ಕೆ ಕಲ್ಲು ಹಾಕಿದ್ದಾರೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ನಾನೂ ಹಾಕಿದ ಹಾಗೆ.

ಅವರು ಕೊರಿಯಾದವರು. ಹೆಸರು ಮಾಲ್ಸುನ್. ಅಮ್ಮ ಅಂತ ಸೇರಿಸಿದವರು ನಾವು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಸಾಂತಾ ಕ್ಲಾರಾದ ಕೊರಿಯನ್ ಮಾರ್ಕೆಟ್ಟಿನಲ್ಲಿ ಮೀನಿನ ಅಂಗಡಿ ದಾಟಿದರೆ ಅವರ ಊಟದಂಗಡಿ. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಿದ್ದಾರೆ. ಆ ಮಾರ್ಕೆಟ್ಟಿಗೆ ನಾನು ವ್ಯಾನಿನಲ್ಲಿ ತರಕಾರಿ ಹಾಕುತ್ತೇನೆ. ಮಧ್ಯಾಹ್ನ ಅವರ ಒಲೆ ಎದುರಿನ ಸ್ಟೂಲಿನಲ್ಲೇ ನನ್ನ ಊಟ.

ಅವರಲ್ಲಿ ಊಟಕ್ಕೆ ಮೊದಲು ಪುಟ್ಟ ಬಟ್ಟಲುಗಳು ಬರುತ್ತವೆ. ಖಾರ ಹಚ್ಚಿದ ಮೂಲಂಗಿ, ಎಳ್ಳೆಣ್ಣೆ ಹಾಕಿದ ಸೊಪ್ಪು, ಮೊಳಕೆ ಕಾಳು, ಹುಳಿ ಬಂದ ಎಲೆಕೋಸಿನ ಕಿಮ್ಚಿ. ಮೀನು ಮಾಂಸ ಬೇಡ ಎಂದವರಿಗೆ ಬೇರೆ ಜಾಡಿ, ಬೇರೆ ಸೌಟು. ಬಟ್ಟಲು ಅರ್ಧ ಆಗುತ್ತಿದ್ದ ಹಾಗೆ ಎತ್ತಿಕೊಂಡು ಹೋಗಿ, ತುಂಬಿದ ಬಟ್ಟಲು ತಂದಿಡುತ್ತಾರೆ. ಮದುವೆ ಮನೆಯಲ್ಲಿ ನಮ್ಮವರು ಕೇಳದೇ ಬಡಿಸುವುದಿಲ್ಲವೇ, ಹಾಗೆ. ಉಳಿದಿದ್ದನ್ನು ಒಲೆ ಹಿಂದಿನ ಬಕೆಟ್ಟಿಗೆ ಸುರಿಯುತ್ತಾರೆ. ತೊಳೆದ ಬಟ್ಟಲಿಗೆ ಜಾಡಿಯಿಂದ ಹೊಸದು ಹಾಕುತ್ತಾರೆ. ದಿನಾ ಕಣ್ಣೆದುರು ನೋಡುತ್ತೇನೆ.

ಹೋದ ತಿಂಗಳು ಡಾಟ್‌ಕಾಮ್ ಕಂಪನಿಯ ರಘೋತ್ತಮ ಹೆಂಡತಿ ಇಂದುವಿನ ಜೊತೆ ಅಲ್ಲಿಗೆ ಬಂದರು. ಪಕ್ಕದ ಮೇಜಿನಿಂದ ಅರ್ಧ ತಿಂದ ಬಟ್ಟಲು ಹೋಗಿದ್ದನ್ನು ಕಂಡರು. ತಮ್ಮ ಮುಂದೆ ತುಂಬಿದ ಬಟ್ಟಲು ಬಂದಿದ್ದನ್ನೂ ಕಂಡರು. ನಡುವೆ ಒಲೆ ಹಿಂದೆ ಏನಾಯಿತೆಂದು ನೋಡಲಿಲ್ಲ. ಮನೆಗೆ ಹೋಗಿ, ಅಲ್ಲಿ ಎಂಜಲು ಬಡಿಸುತ್ತಾರೆ ಎಂದು ಇಮೇಲ್ ಬರೆದರು. ಅದು ಮೆನ್ಲೋ ಪಾರ್ಕಿನಿಂದ ಲಾಸ್ ಗ್ಯಾಟೋಸ್‌ವರೆಗೆ ಎಲ್ಲ ಆಫೀಸು ಸುತ್ತಿ, ಮಾರ್ಕೆಟ್ ಮ್ಯಾನೇಜರಿಗೂ ತಲುಪಿತು. ಈ ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡಿ ಎಂದುಬಿಟ್ಟ ಅವನು.

"ಯುವರ್ ಪೀಪಲ್ ನೋ ಕಮ್," ಎಂದರು ಮಾಲ್ಸುನಮ್ಮ. "ಮೈ ಕಿಮ್ಚಿ ಬ್ಯಾಡ್?"

ನನಗೆ ಮೈಯೆಲ್ಲ ಉರಿಯಿತು. ನೇರ ಕ್ಯುಪರ್ಟಿನೋಗೆ ಹೋಗಿ ರಘೋತ್ತಮರ ಬಾಗಿಲು ಬಡಿದೆ. ನೋಡಿದ್ದನ್ನೆಲ್ಲ ಹೇಳಿದೆ.

"ರೀ ಸಿದ್ದರಾಜು, ಹೈಜೀನ್ ಅಂದ್ರೇನು ಅಂತ ಗೊತ್ತೇನ್ರೀ ನಿಮಗೆ?" ಎಂದರು.

"ಅದು ಗೊತ್ತಿಲ್ಲ ಸಾರ್. ಎಂಜಲು ಅಂದ್ರೆ ಗೊತ್ತು. ಅವರು ಬಕೆಟ್ಟಿಗೆ ಸುರಿಯೋದು ನೀವು ನೋಡಿದ್ರಾ?"

"ಅದನ್ನ ಬೇರೆ ಎದ್ದು ಹೋಗಿ ನೋಡ್ಬೇಕಿತ್ತಾ?"

ಒಳಗಿನಿಂದ ಅವರ ಹೆಂಡತಿ ಇಂದು ಅಂದರು: "ಮೂಲಂಗಿ ಎರಡು ಸಲ ಕೇಳಿ ಹಾಕಿಸ್ಕೊಂಡ್ರಲ್ಲ, ಆಗ ಎಂಜಲು ಅನ್ನಿಸ್ಲಿಲ್ವಾ?"

"ನೀನು ಸುಮ್ನಿರೇ. ಕಳಿಸಿದ ಇಮೇಲು ವಾಪಸ್ ತಗೊಳ್ಳೋಕಾಗುತ್ತಾ?"

"ತಪ್ಪಾಯ್ತು ಅಂತ ಇನ್ನೊಂದು ಬರೀರಿ ಸಾರ್."

"ಮುಂದಿನ ವಾರ ನಮ್ಮ ಐಪಿಒ ಇದೆ. ಟೈಮಿಲ್ಲಪ್ಪ."

ಸುಳ್ಳು ಬರೆಯಲು ಟೈಮಿತ್ತು.

ಮ್ಯಾನೇಜರ್ ಹತ್ತಿರವೂ ಹೋದೆ. ನಿನ್ನೊಬ್ಬನ ಮಾತು ಸಾಲದು, ಗಿರಾಕಿಗಳು ಬಂದು ಹೇಳಲಿ ಎಂದ. ಅಷ್ಟಾದರೂ ಅಂದನಲ್ಲ.

ಆ ಇಮೇಲನ್ನು ಓದಿ ಮುಂದಕ್ಕೆ ಕಳಿಸಿದವರೇ, ನಿಮಗೇ ಹೇಳುತ್ತಿದ್ದೇನೆ. ಈ ಶನಿವಾರ ಮಾಲ್ಸುನಮ್ಮನ ಹತ್ತಿರ ಬನ್ನಿ. ಒಲೆ ಎದುರಿಗೇ ಕೂತು ಊಟ ಮಾಡಿ. ಕೈ ತೊಳೆದು, ಕಂಡಿದ್ದನ್ನು ಮ್ಯಾನೇಜರಿಗೆ ಹೇಳಿ ಹೋಗಿ.