ಮುರಿದ ಬಿಲಕ್ಕೆ ಸೂರು ಕಟ್ಟಿದವರು

ಸಾಲ್ಟ್‌ಬುಷ್ ದ್ವೀಪದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶೆಡ್ಡಿನ ಹಿಂದೆ ಹಂಡೆಯ ಕೆಳಗೆ ಬೆಂಕಿ ಹತ್ತಿಕೊಂಡಿದೆ. ಎಲ್ವಾ ಆಂಟಿ ಅದಕ್ಕೆ ಎರಡು ಕೊರಡು ತಳ್ಳುತ್ತಾರೆ, ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾರೆ, ಅಂಗಳದ ಕೊನೆಯ ಗೂಟದವರೆಗೆ ನಡೆದು ನಿಲ್ಲುತ್ತಾರೆ. ಗೂಟದಾಚೆ ಸೊಂಟದೆತ್ತರದ ಹುಲ್ಲು. ಹುಲ್ಲಿನ ಬುಡದಲ್ಲಿ ಸಾವಿರಾರು ಬಿಲ. ಬಿಲಗಳ ಒಳಗೆ, ಅಪ್ಪ ಅಮ್ಮ ಕಡಲಿನಿಂದ ತಂದು ತಿನ್ನಿಸಿ ಕೊಬ್ಬಿಸಿದ ಯೋಲಾ ಮರಿಗಳು. ಈ ಕಡಲಹಕ್ಕಿಯ ಮರಿ ಹಿಡಿಯುವುದೇ ಏಪ್ರಿಲ್‌ನಲ್ಲಿ ನಮ್ಮವರ ಕೆಲಸ.

ಆಂಟಿಯ ಬೂಟಿನ ಮೂತಿ ಗೂಟಕ್ಕೆ ತಾಗಿದೆ. ಈ ವರ್ಷ ಅವರು ಅದರಾಚೆ ಒಂದು ಹೆಜ್ಜೆ ಇಟ್ಟರೆ ಅಪರಾಧ.

"ಡೆಸ್! ಬಂಡೆ ಹತ್ರ ಕೈ ಹಾಕೋ ಮುಂಚೆ ಅಂಗೈನ ಬಿಲದ ಬಾಯಿಗೆ ಹಿಡಿ. ಬೆಚ್ಚಗಿದ್ರೆ ಹಕ್ಕಿ, ತಣ್ಣಗಿದ್ರೆ ಹಾವು!"

"ನಂಗೆ ನಲವತ್ತೆರಡು ವರ್ಷ ಆಯ್ತು ಆಂಟಿ, ಗೊತ್ತು!" ಹುಲ್ಲಿನ ನಡುವಿನಿಂದ ಆಂಟಿಯ ಅಣ್ಣನ ಮಗನ ದನಿ ಬರುತ್ತದೆ.

"ನಿಮ್ಮಪ್ಪಂಗೂ ಗೊತ್ತಿತ್ತು. ದೋಣೀಲಿ ಮಲಗಿಸ್ಕೊಂಡು ಆಸ್ಪತ್ರೆಗೆ ಒಯ್ದಿದ್ದು ನಾನೇ."

ಎಲ್ವಾ ಪರ್ಡನ್ ಅವರಿಗೆ ಅರವತ್ತೆಂಟು. ಆರು ವಾರದ ಕೂಸಾಗಿದ್ದಾಗ ಅವರ ತಾಯಿ ಅವರನ್ನು ಇದೇ ಶೆಡ್ಡಿಗೆ ತಂದು, ಪುಕ್ಕ ತುಂಬಿದ ಚೀಲದ ಮೇಲೆ ಮಲಗಿಸಿ ಕೆಲಸಕ್ಕೆ ಕೂತರಂತೆ. ಒಂಬತ್ತನೆಯ ವಯಸ್ಸಿನಲ್ಲಿ ಮೊದಲ ಮರಿ ಹಿಡಿದರು. ಅಲ್ಲಿಂದ ಕಳೆದ ವರ್ಷದವರೆಗೆ ಒಂದು ಋತುವೂ ತಪ್ಪಿಲ್ಲ. ವರ್ಷದ ಉಳಿದ ತಿಂಗಳು ದೊಡ್ಡ ದ್ವೀಪದ ಶಾಲೆಯಲ್ಲಿ ನೆಲ ಒರೆಸುತ್ತಾರೆ. ಏಪ್ರಿಲ್ ಬಂತೆಂದರೆ ಶಾಲೆಯ ಕೀಲಿಕೈಯನ್ನು ಹೆಡ್‌ಮಾಸ್ಟರರ ಮೇಜಿನ ಮೇಲಿಟ್ಟು ದೋಣಿ ಹತ್ತುತ್ತಾರೆ. ರಜೆ ಕೇಳುವ ಪದ್ಧತಿ ಇಲ್ಲ.

ಕೆಲಸ ಹೀಗೆ. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಬೇಕು, ಭುಜದವರೆಗೆ ಕೈಯನ್ನು ಬಿಲದೊಳಗೆ ಇಳಿಸಬೇಕು, ಮರಿಯನ್ನು ಎಳೆದು ಒಂದೇ ತಿರುವಿಗೆ ಕೊಲ್ಲಬೇಕು. ಆಮೇಲೆ ಕೊಕ್ಕಿನ ಮೂಲಕ ಪೋಣಿಸಿ ಹೆಗಲಕೋಲಿಗೇರಿಸಬೇಕು. ಕೋಲಿಗೆ ಐವತ್ತು ಹಕ್ಕಿ. ಮೂವತ್ತು ಕಿಲೋಗಿಂತ ಕಡಿಮೆ ತೂಗುವುದಿಲ್ಲ. ಆಂಟಿ ದಿನಕ್ಕೆ ಮೂರು ಕೋಲು ಹೊತ್ತು ತರುತ್ತಿದ್ದರು. ಮಧ್ಯಾಹ್ನವೆಲ್ಲ ಎಣ್ಣೆ ಹಿಂಡುವುದು, ಪುಕ್ಕ ತರಿಯುವುದು, ಬಿಸಿನೀರಿಗೆ ಅದ್ದುವುದು, ಉಪ್ಪು ಹಾಕಿ ಪೀಪಾಯಿಗೆ ಜೋಡಿಸುವುದು. ಈ ವರ್ಷ ಅವರಿಗೆ ಉಳಿದಿರುವುದು ಈ ಮಧ್ಯಾಹ್ನದ ಕೆಲಸ ಮಾತ್ರ.

ಅವರ ಏಪ್ರನ್ನಿನ ಜೇಬಿನಲ್ಲಿ ಒಂದು ತಂಬಾಕಿನ ಡಬ್ಬಿ ಇದೆ. ಅದರಲ್ಲಿ ತಂಬಾಕು ಯಾವತ್ತೂ ಇರಲಿಲ್ಲ. ಮಳೆಗೆ ನೆನೆಯದಿರಲೆಂದು ಮರಿ ಹಿಡಿಯುವ ಪರ್ಮಿಟ್ಟನ್ನು ಅದರಲ್ಲಿಡುತ್ತಿದ್ದರು. ಪರ್ಮಿಟ್ಟಿನ ಬೆನ್ನಿಗೆ ನಿಯಮಗಳ ಪಟ್ಟಿ. ಆಂಟಿ ಅದನ್ನು ಬಾಯಿಪಾಠ ಒಪ್ಪಿಸುತ್ತಾರೆ.

"ನಾಯಿ ತರಬಾರ್ದು. ಕೊಕ್ಕೆ ಹಾಕಬಾರ್ದು. ದೊಡ್ಡ ಹಕ್ಕಿ ಮುಟ್ಟಬಾರ್ದು. ಬಿಲ ಅಗೀಬಾರ್ದು, ಅಗೆಯೋ ಸಾಮಾನು ಹತ್ರ ಇಟ್ಕೋಬಾರ್ದು. ಇದೆಲ್ಲ ನಮ್ಮವ್ವ ಹೇಳಿಕೊಟ್ಟಿದ್ದೇ ಅಲ್ವಾ? ಅವಳಿಗೆ ಓದೋಕೆ ಬರ್ತಿರ್ಲಿಲ್ಲ. ಈಗ ಅವಳ ಮಾತನ್ನೇ ಅಚ್ಚು ಹಾಕ್ಸಿ ನನ್ನ ಕೈಗೆ ಕೊಟ್ಟು, 'ಓದಿ ಸಹಿ ಹಾಕಮ್ಮ' ಅಂತಾರೆ."

ಋತುವಿಗೆ ಮೂರು ಸಲವಾದರೂ ವನ್ಯಜೀವಿ ಇಲಾಖೆಯ ವಾರ್ಡನ್ನರ ದೋಣಿ ಬರುತ್ತದೆ. ಪರ್ಮಿಟ್ ನೋಡುತ್ತಾರೆ, ಹಕ್ಕಿ ಎಣಿಸುತ್ತಾರೆ, ಪುಸ್ತಕದಲ್ಲಿ ಬರೆದದ್ದಕ್ಕೆ ತಾಳೆ ನೋಡುತ್ತಾರೆ. ಆಂಟಿ ಅವರಿಗೆ ಚಹಾ ಕೊಡುತ್ತಾರೆ, ಕೆಂಡದ ರೊಟ್ಟಿ ಮುರಿದು ಕೊಡುತ್ತಾರೆ. ಹಕ್ಕಿ ಮಾತ್ರ ಬಡಿಸುವುದಿಲ್ಲ.

"ಲಂಚ ಅಂದ್ಬಿಟ್ರೆ? ರೊಟ್ಟಿಗಾದ್ರೆ ಪರ್ಮಿಟ್ ಬೇಡ. ಒಬ್ಬ ವಾರ್ಡನ್ ಇದ್ದ, ಹಾವಂದ್ರೆ ಸಾಯೋಷ್ಟು ಹೆದರ್ತಿದ್ದ. ಎಣಿಸೋಕೆ ಅಂತ ಹುಲ್ಲೊಳಗೆ ಬಂದು ನನ್ನ ಸೊಂಟ ಹಿಡ್ಕೊಂಡೇ ನಡೀತಿದ್ದ. 'ಮದುವೆ ಆಗ್ಬಿಡು ಮಗಾ, ಊರವರು ಏನಂದ್ಕೋತಾರೆ' ಅಂತಿದ್ದೆ."

ಐವತ್ತೊಂಬತ್ತು ಋತು. ಒಂದು ಎಚ್ಚರಿಕೆಯ ಚೀಟಿಯೂ ಅವರ ಹೆಸರಿಗಿರಲಿಲ್ಲ.

ಕಳೆದ ವರ್ಷ ಏಪ್ರಿಲ್ ಹದಿನೇಳರಂದು, ಹೆಗಲ ಮೇಲೆ ಹದಿನಾಲ್ಕು ಹಕ್ಕಿಯ ಕೋಲಿದ್ದಾಗ, ಆಂಟಿಯ ಬಲಗಾಲು ಒಂದು ಬಿಲದ ಸೂರು ಒಡೆದು ಮಂಡಿಯವರೆಗೆ ಕುಸಿಯಿತು. ಬಿಲದೊಳಗಿದ್ದ ಮರಿ ಮಣ್ಣಿನಡಿ ಸತ್ತಿತ್ತು. ಈ ಮರಳುನೆಲದಲ್ಲಿ ಹಾಗಾಗದವರು ಯಾರೂ ಇಲ್ಲ. ಪ್ರವಾಸಿಗಳು ಕುಸಿಯುತ್ತಾರೆ, ವಾರ್ಡನ್ನರೂ ಕುಸಿಯುತ್ತಾರೆ, ಕಾಲು ಕಿತ್ತುಕೊಂಡು ಬೈದುಕೊಂಡು ಮುಂದೆ ಹೋಗುತ್ತಾರೆ. ನಮ್ಮವರು ಹೋಗುವುದಿಲ್ಲ. ಸೂರು ಒಡೆದವರು ಮುಂದಿನ ಬಿಲಕ್ಕೆ ಕೈ ಹಾಕುವ ಮೊದಲು ಅದನ್ನು ಕಟ್ಟಿಕೊಡಬೇಕು.

ನನ್ನ ಅಜ್ಜಿ ಪಕ್ಕದ ಶೆಡ್ಡಿನಲ್ಲಿ ಪುಕ್ಕ ತರಿಯುತ್ತಿದ್ದವಳು. ಅವಳ ಕಥೆಯಲ್ಲಿ, ಯೋಲಾ ಜೋಡಿ ಲೋಕದ ಆ ತುದಿಗೆ ಬೇಸಿಗೆಯನ್ನು ಬೆನ್ನಟ್ಟಿ ಹೋಗಿ, ವಸಂತದಲ್ಲಿ ತಮ್ಮದೇ ಬಿಲಕ್ಕೆ ಮರಳುತ್ತವೆ. ಬಾಗಿಲು ಸಿಗದಿದ್ದರೆ ಮೂರು ರಾತ್ರಿ ಅದೇ ಜಾಗದ ಮೇಲೆ ಸುತ್ತುತ್ತವೆ. ನಾಲ್ಕನೆಯ ರಾತ್ರಿ ಕಡಲಿಗೆ ಹೊರಟರೆ ಮತ್ತೆ ಈ ದ್ವೀಪದ ಹೆಸರೆತ್ತುವುದಿಲ್ಲ. ಚಿಕ್ಕವಳಿದ್ದಾಗ ನಾನು ಆ ಮೂರು ರಾತ್ರಿಗಳನ್ನು ನೆನೆದು ದಿಂಬಿನಡಿ ತಲೆ ಹುದುಗಿಸುತ್ತಿದ್ದೆ. ಎಲ್ವಾ ಆಂಟಿಗೆ ಅದು ಕಥೆಯಲ್ಲ, ಕೆಲಸದ ಒಂದು ಭಾಗ.

ಅವರು ಕೋಲು ಇಳಿಸಿದರು. ಕುಸಿದ ಮರಳನ್ನು ಕೈಯಿಂದ ಬಾಚಿದರು. ಆಳದ ಮರಳು ಕೈಗೆ ಬಗ್ಗದಾಗ, ದಡದಲ್ಲಿ ಸಿಕ್ಕ ಒಂದು ತುಂಡು ಹಲಗೆಯಿಂದ ಎತ್ತಿ ಹಾಕಿದರು. ತಪ್ಪಾದದ್ದು ಅಲ್ಲೇ. ಮೇಲೆ ಅಡ್ಡಡ್ಡ ಕಡ್ಡಿ ಹಾಸಿ, ಹುಲ್ಲು ಹೊದಿಸಿ, ಬೇರುಸಮೇತ ಕಿತ್ತ ಹುಲ್ಲಿನ ಹೆಂಟೆ ಕೂರಿಸಬೇಕಿತ್ತು. ಕಡ್ಡಿ ಹಾಸುವ ಮೊದಲೇ ಹಿಂದೆ ಬೂಟಿನ ಸದ್ದಾಯಿತು.

ಬಂದವರು ರೀಸ್, ಮೂವತ್ತರ ಆಸುಪಾಸಿನ ಹೊಸ ವಾರ್ಡನ್. ಅವರಿಗೆ ಕಂಡದ್ದಿಷ್ಟು: ತೆರೆದ ಬಿಲ, ಮೊಣಕೈವರೆಗೆ ಮಣ್ಣು, ಕೈಯಲ್ಲಿ ಹಲಗೆ, ಪಕ್ಕದಲ್ಲಿ ಹದಿನಾಲ್ಕು ಹಕ್ಕಿ, ಒಂದು ಸತ್ತ ಮರಿ. ಫೋಟೋ ತೆಗೆದರು.

"ಏನ್ ಮಾಡ್ತಿದ್ದೀರಾ ಆಂಟಿ?"

"ಮನೆ ಕಟ್ತಿದ್ದೀನಪ್ಪಾ."

"ಇದು ಅಗೆದಿರೋ ಬಿಲ."

"ಕುಸಿದಿರೋ ಬಿಲ. ಒಂದು ಹತ್ತು ನಿಮಿಷ ಕೂತ್ಕೋ, ಹೆಂಟೆ ಕೂರ್ಸಿದ್ಮೇಲೆ ನಿಂಗೇ ಗೊತ್ತಾಗತ್ತೆ."

ರೀಸ್ ಕೂರಲಿಲ್ಲ. ಹಲಗೆಗೆ ಚೀಟಿ ಕಟ್ಟಿ ಸಾಕ್ಷಿಯೆಂದು ಚೀಲಕ್ಕೆ ಹಾಕಿಕೊಂಡರು. ಅವರು ಬರೆದು ಮುಗಿಸುವಷ್ಟರಲ್ಲಿ ಆಂಟಿ ಬರಿಗೈಯಲ್ಲಿ ಸೂರು ಮುಗಿಸಿದರು. ವರದಿಯಲ್ಲಿ ಅದಕ್ಕೂ ಒಂದು ಸಾಲು ಸಿಕ್ಕಿದೆ: 'ಅಗೆದದ್ದನ್ನು ಮುಚ್ಚಿಡಲು ಯತ್ನಿಸಿದರು.'

ಈ ವರ್ಷ ಜೆಟ್ಟಿಯ ಮೇಲೆ ಸಿಕ್ಕ ರೀಸ್ ಅವರನ್ನು ನಾನು ಆ ದಿನದ ಬಗ್ಗೆ ಕೇಳುತ್ತೇನೆ. ಅವರು ಕೆಟ್ಟವರಲ್ಲ, ಹಗ್ಗದ ಗಂಟು ಬಿಚ್ಚುತ್ತಾ ನನ್ನ ಮುಖ ನೋಡದೆ ಹೇಳುತ್ತಾರೆ: "ಅಲ್ಲಿ ಅಗೆಯೋ ಸಾಧನ ಇತ್ತಾ? ಇತ್ತು. ನಿಯಮದಲ್ಲಿ ರಿಪೇರಿ ಅನ್ನೋ ಪದ ಎಲ್ಲಿದೆ ತೋರ್ಸಿ, ನಾನೇ ಕೇಸ್ ವಾಪಸ್ ತಗೋತೀನಿ. ಮುಟ್ಟದೆ ಹೋಗಿದ್ರೆ ನಾನು ಒಂದಕ್ಷರ ಬರೀತಿರ್ಲಿಲ್ಲ."

ಈ ಮಾತನ್ನು ಆಂಟಿಗೆ ತಲುಪಿಸಿದಾಗ ಅವರು ಪುಕ್ಕ ತರಿಯುವ ಕೈ ನಿಲ್ಲಿಸುವುದಿಲ್ಲ.

"ಹೌದಲ್ವಾ. ಮುರಿದು ಬಿಟ್ಟು ಹೋದೋರು ಕಾನೂನು ಪಾಲಿಸೋರು. ಕಟ್ಟೋಕೆ ಕೂತೋಳು ಕಳ್ಳಿ. ಆ ಹುಡುಗ ಅವತ್ತು ಹೇಳಿದ, 'ಕೋಪದಿಂದ ಬರೀತಿಲ್ಲ ಆಂಟಿ' ಅಂತ. ಕೋಪದಿಂದ ಬರೆದಿದ್ರೆ ಕ್ಷಮಿಸಬಹುದಿತ್ತು. ಕೋಪ ಇಳಿಯತ್ತೆ. ಇದು ಇಳಿಯಲ್ಲ."

ಪರ್ಮಿಟ್ ಅಮಾನತಾಗಿದೆ. ಅದು ಮರಳಿ ಸಿಗಲು ಇಲಾಖೆ ಒಂದು ದಾರಿ ಬಿಟ್ಟಿದೆ. ಅರ್ಧ ಪುಟದ ಹೇಳಿಕೆ: 'ನಾನು ಬಿಲವನ್ನು ಅಗೆದು ಹಾಳು ಮಾಡಿದ್ದೇನೆ.' ಈ ಋತು ಮುಗಿಯುವುದರೊಳಗೆ ಸಹಿ ಹಾಕಿದರೆ ಮುಂದಿನ ಏಪ್ರಿಲ್‌ಗೆ ಹೊಸ ಪರ್ಮಿಟ್. ಹಾಕದಿದ್ದರೆ ಹೆಸರು ಶಾಶ್ವತವಾಗಿ ಪಟ್ಟಿಯಿಂದ ಹೊರಗೆ. ಕೊನೆಯ ದೋಣಿ ಶುಕ್ರವಾರ. ಕಾಗದ ಮತ್ತು ಪೆನ್ನು ಉಪ್ಪಿನ ಪೀಪಾಯಿಯ ಮೇಲಿವೆ.

"ಹಾಕ್ಬಿಡಿ ಆಂಟಿ," ಡೆಸ್ ವಾರದಿಂದ ಗೋಗರೆಯುತ್ತಿದ್ದಾನೆ. "ಅವರ ಕಾಗದ, ಅವರ ಸುಳ್ಳು. ನಿಮಗೇನು ಹೋಗತ್ತೆ?"

"ನೀನು ನಿನ್ನ ಹೆಂಡ್ತಿ ಹತ್ರ ದಿನಾ ಮಾಡದ ತಪ್ಪು ಒಪ್ಕೋತೀಯಲ್ಲ, ಹಂಗಾ?"

ಶೆಡ್ಡಿನಲ್ಲಿದ್ದವರೆಲ್ಲ ನಗುತ್ತಾರೆ. ಆಂಟಿ ನಗುವುದಿಲ್ಲ. ಹಂಡೆಯ ಹಬೆಯಲ್ಲಿ ಅವರ ಮುಖ ಆಗಾಗ ಮರೆಯಾಗುತ್ತದೆ. ಸಹಿಯ ಆಸೆ ಅವರಿಗಿಲ್ಲವೆಂದಲ್ಲ. ರಾತ್ರಿ ಪೆನ್ನು ಹಿಡಿದು ಕೂತಿದ್ದನ್ನು ನಾನು ಕಂಡಿದ್ದೇನೆ. ಹುಲ್ಲೊಳಗೆ ಹೊಟ್ಟೆ ಹಚ್ಚಿ ಮಲಗುವ ಆ ಬೆಳಗು ಅವರಿಗೆ ಅನ್ನಕ್ಕಿಂತ ಹೆಚ್ಚು ಬೇಕು.

ಗುರುವಾರ ಬೆಳಿಗ್ಗೆ ಆಂಟಿ ಗೂಟದ ಬಳಿ ಡೆಸ್‌ನನ್ನು ತಡೆದು ನಿಲ್ಲಿಸುತ್ತಾರೆ.

"ಬೋಳುಬಂಡೆಯಿಂದ ಕಡಲ ಕಡೆ ಹದಿಮೂರು ಹೆಜ್ಜೆ. ಬಾಗಿರೋ ಹುಲ್ಲಿನ ಬುಡ. ಬಾಯಿ ಎಡಕ್ಕಿದೆ. ಕೈ ಹಾಕಿ ನೋಡ್ಕೊಂಡು ಬಾ."

"ಮರಿ ಇದ್ರೆ?"

"ನೋಡ್ಕೊಂಡು ಬಾ ಅಂದೆ, ಹಿಡ್ಕೊಂಡು ಬಾ ಅಂದ್ನಾ?"

ಡೆಸ್ ಹೋಗುತ್ತಾನೆ. ಹುಲ್ಲು ಅವನ ಹಿಂದೆ ಮುಚ್ಚಿಕೊಳ್ಳುತ್ತದೆ. ಆಂಟಿ ಗೂಟದ ತಲೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಅವನ ಹೆಜ್ಜೆಗಳನ್ನು ತುಟಿಯಲ್ಲೇ ಎಣಿಸುತ್ತಾರೆ. ಬಹಳ ಹೊತ್ತಾಗುತ್ತದೆ. ಡೆಸ್ ಮರಳಿದಾಗ ಕೋಲು ಖಾಲಿ, ತೋಳು ಭುಜದವರೆಗೆ ಮರಳು.

"ಸೂರು ಗಟ್ಟಿಯಾಗಿದೆ ಆಂಟಿ. ಹುಲ್ಲು ಬೇರು ಬಿಟ್ಟಿದೆ. ಒಳಗೆ..." ಅವನು ತೋಳು ಚಾಚುತ್ತಾನೆ. ಆಂಟಿ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿಗೆ ತರುತ್ತಾರೆ. ಹಸಿ ಎಣ್ಣೆಯ, ಬೆಚ್ಚನೆಯ ಪುಕ್ಕದ ವಾಸನೆ.

"ದಪ್ಪಗಿದ್ಯಾ?"

"ನಿಮ್ಮಷ್ಟೇ. ಕುಕ್ಕಿತು ಕೂಡ."

"ಬಾಯಿ ಮುಚ್ಚು. ಬಿಟ್ಟು ಬಂದ್ಯಲ್ಲ?"

"ಬಿಟ್ಟೆ."

ಆ ಸಂಜೆ ನಾನು ಫೋನಿನಲ್ಲಿ ರೀಸ್‌ಗೆ ಈ ಸುದ್ದಿ ಮುಟ್ಟಿಸುತ್ತೇನೆ. ಅವರು "ಒಳ್ಳೇದಾಯ್ತು" ಎನ್ನುತ್ತಾರೆ. ಆಮೇಲೆ, "ಆದ್ರೆ ಅದೇ ಬಿಲ ಅನ್ನೋದಕ್ಕೆ ದಾಖಲೆ ಏನಿದೆ? ಬಿಲಗಳಿಗೆ ನಂಬರ್ ಇಲ್ವಲ್ಲ."

ಶುಕ್ರವಾರ ದೋಣಿ ಬರುತ್ತದೆ. ಪೀಪಾಯಿಗಳು ಏರುತ್ತವೆ, ಪುಕ್ಕದ ಚೀಲಗಳು ಏರುತ್ತವೆ. ಕೊನೆಯಲ್ಲಿ ಆಂಟಿ ಆ ಅರ್ಧ ಪುಟವನ್ನು ನಾಲ್ಕಾಗಿ ಮಡಿಸಿ, ಪರ್ಮಿಟ್ ಇರುತ್ತಿದ್ದ ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತುತ್ತಾರೆ. ಸಹಿ ಇಲ್ಲ. ಅರವತ್ತನೆಯ ಋತು ಇನ್ನು ಅವರ ಪಾಲಿಗಿಲ್ಲ.

ನಿಮಗೇನು ಬೇಕು ಆಂಟಿ, ಎಂದು ದೋಣಿಯಲ್ಲಿ ಕೇಳುತ್ತೇನೆ. ದ್ವೀಪ ಹಿಂದೆ ಸರಿಯುತ್ತಿದೆ. ಅವರು ಬೋಳುಬಂಡೆ ಕಾಣುವ ಕಡೆಗೇ ಕುತ್ತಿಗೆ ತಿರುಗಿಸಿ ಕೂತಿದ್ದಾರೆ.

"ಇನ್ನೆರಡು ವಾರಕ್ಕೆ ಆ ಮರಿ ಹಾರತ್ತೆ. ಅಲ್ಲೀವರೆಗೆ ಯಾರೂ ಅಲ್ಲಿ ಕಾಲಿಡದಿದ್ರೆ ಸಾಕು," ಎನ್ನುತ್ತಾರೆ. ಮತ್ತೆ, ಇಂಜಿನ್ನಿನ ಸದ್ದಿನ ನಡುವೆ: "ಆ ಬಿಲಾನ ನಾನು ಹಾಳು ಮಾಡಿದೆ ಅಂತ ಬರ್ಕೊಟ್ಟಿದ್ರೆ, ಆ ಮರಿ ಯಾರ ಮನೇಲಿ ಹುಟ್ಟಿದ ಹಾಗಾಯ್ತು?"